ಕಾಕಾನ ಹಡಗಿನ ತುಕ್ಕು

ರಾಯಬಾಗದ ಹತ್ತಿರದ ನಮ್ಮ ಊರಿನಲ್ಲಿ ಆ ಕಾಲಕ್ಕೆ ಸಮುದ್ರವನ್ನು ಕಣ್ಣಾರೆ ಕಂಡವನು ಕಾಕಾ ಒಬ್ಬನೇ. ಅಪ್ಪನ ತಮ್ಮ, ನೌಕಾದಳದಲ್ಲಿ ಎಂಜಿನ್ ಕೆಲಸ. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ರಜೆಗೆ ಬಂದವನು, ಎಲ್ಲರೂ ಕಬ್ಬು ಕಡಿಯಲು ಹೋದರೆ, ತಾನು ಪಡಸಾಲೆಯಲ್ಲಿ ಕೂತು ಹಡಗು ಮಾಡತೊಡಗಿದ. ನಾನಾಗ ಒಂಬತ್ತು ವರ್ಷದ ಹುಡುಗಿ.

ಅವನಿದ್ದ ಕಾವಲು ಹಡಗಿನದೇ ಮಾದರಿ, ನನ್ನ ತೋಳಿನಷ್ಟು ಉದ್ದ. ಮಾವಿನ ಹಲಗೆಯ ಒಡಲು, ಎಣ್ಣೆ ಡಬ್ಬಿಯ ತಗಡಿನ ಕೋಣೆ, ಸೈಕಲ್ ಕಡ್ಡಿಯ ಕಟಕಟೆ. ತೋಪಿನ ನಳಿಗೆಗೆ ನನ್ನ ಪೆನ್ನಿನ ಖಾಲಿ ರೀಫಿಲ್. ಬೂದು ಬಣ್ಣ ಬಳಿದ ದಿನ ಗಾಣದ ಕಡೆಯಿಂದ ಬೆಲ್ಲ ಕುದಿಯುವ ವಾಸನೆ ಬಂದು ಪೇಂಟಿನ ವಾಸನೆಯೊಂದಿಗೆ ಕಲೆತಿತ್ತು. ಅಷ್ಟು ಚೆಂದದ ವಸ್ತು ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ.

ಬಣ್ಣ ಒಣಗಿದ್ದೇ ತಡ, ಕಾಕಾ ಅದನ್ನು ಕೆಡಿಸತೊಡಗಿದ. ಹಳೆಯ ಕುಡಗೋಲಿನ ತುಕ್ಕು ಕೆರೆದು ಅಗಸೆ ಎಣ್ಣೆಯಲ್ಲಿ ಕಲಸಿ ಎರಡೂ ಬದಿಗೆ ಗೆರೆಗೆರೆಯಾಗಿ ಇಳಿಬಿಟ್ಟ. ಹೊಗೆ ನಳಿಗೆಗೆ ಚಿಮಣಿ ದೀಪದ ಮಸಿ ಸವರಿದ. ಹೊಸಾದನ್ನ ಹಳೇದು ಯಾಕ ಮಾಡಾಕತ್ತಿ ಎಂದು ಅಜ್ಜಿ ಕೇಳಿದರೆ, ಅದು ಹಿಂಗ ಇತ್ತು ಅಂದ. ಕಾಕಾನ ತಲೆ ಸರಿ ಇದೆಯೋ ಇಲ್ಲವೋ ನನಗೆ ತಿಳಿಯದಾಯಿತು.

ಆ ಮಾದರಿ ಕೊಗನೊಳ್ಳಿ ಎಂಬ ಊರಿಗೆ ಹೋಗುವುದಿತ್ತು. ನಿಜವಾದ ಹಡಗಿನಲ್ಲಿ ಕಾಕಾನ ಜೊತೆಗಿದ್ದ ಗೆಳೆಯ ಮಾರುತಿ ಹಿಂದಿನ ವರ್ಷ ಜ್ವರದಿಂದ ತೀರಿಕೊಂಡಿದ್ದ. ಮಗ ಇದ್ದ ಹಡಗು ಹೇಗಿತ್ತೆಂದು ಅವನ ತಾಯಿ ಕೇಳಿದ್ದಳಂತೆ. ಹೊರಡುವ ಹಿಂದಿನ ದಿನ ಕಾಕಾ ಕ್ಷೌರಕ್ಕೆ ಹೋದ. ಇಷ್ಟು ಹೊಲಸು ವಸ್ತು ಕೊಟ್ಟರೆ ಆ ತಾಯಿ ಏನಂದಾಳು ಎಂದು ನನಗೆನಿಸಿ, ಹಿತ್ತಲಿಗೆ ಒಯ್ದು ಸಾಬೂನು ಹಚ್ಚಿ ತಿಕ್ಕಿದೆ. ಅವನು ಬರುವಷ್ಟರಲ್ಲಿ ಒಂದು ಬದಿ ಪೂರ್ತಿ ಹೊಳೆಯುತ್ತಿತ್ತು.

ಏಟು ಬೀಳುತ್ತದೆಂದು ನಿಂತೆ. ಕಾಕಾ ಹೊಡೆಯಲಿಲ್ಲ. ಕಟ್ಟೆಯ ಮೇಲೆ ಕೂತು ನೀರು ಕೇಳಿದ. ಕುಡಿದು ಚೊಂಬು ಕೆಳಗಿಟ್ಟು, "ತುಕ್ಕ ಕೆರದು ಬಣ್ಣಾ ಹೊಡಿಯೂದ ಮಾರುತಿ ಕೆಲಸ ಇತ್ತ, ತಂಗಿ" ಅಂದ. ಅದು ಬೈಗುಳವೋ ಅಲ್ಲವೋ ಗೊತ್ತಾಗದೆ ನಾನು ಅತ್ತೆ.

ಮರುದಿನ ನನ್ನನ್ನೂ ಕರೆದೊಯ್ದ. ಚಿಕ್ಕೋಡಿ, ನಿಪ್ಪಾಣಿ ದಾಟಿ ಹೋದೆವು. ಮಾರುತಿಯ ತಾಯಿ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಬದಿ ಹೊಸದು, ಒಂದು ಬದಿ ಹಳೆಯದು ಯಾಕೆ ಎಂದು ಕೇಳಿದಳು. ನಾನು ಕಾಕಾನ ಬೆನ್ನಿಗೆ ಸರಿದೆ.

"ಈ ಕಡೆ ನಿಮ್ಮ ಮಗ ಬಣ್ಣಾ ಹೊಡದ ಮುಗಿಸಿದ್ದನ್ರಿ. ಆ ಕಡೀದು ಹಂಗ ಉಳೀತ್ರಿ" ಅಂದ ಕಾಕಾ.

ಅವಳು ನಾನು ತಿಕ್ಕಿದ ಬದಿಯ ಮೇಲೆ ಕೈಯಾಡಿಸಿದಳು. "ಛಾನ ಹೊಡದಾನ, ಚೆಂದ ಹೊಡದಾನ" ಅಂದಳು. ಆಮೇಲೆ ನಮಗೆ ಒಗ್ಗರಣೆ ಹಾಕಿದ ಅವಲಕ್ಕಿ ಕೊಟ್ಟಳು.

ತಿರುಗಿ ಬರುವಾಗ ಬಸ್ಸಿನಲ್ಲಿ, ನೀನು ಹೇಳಿದ್ದು ಖರೇನಾ ಎಂದು ಕೇಳಿದೆ. ಕಾಕಾ ಕಿಟಕಿಯ ಆಚೆ ನೋಡುತ್ತಾ, ಖರೇನ ಇರಬೇಕು ಅಂದ. ನನಗೆ ಇನ್ನಷ್ಟು ಗೊಂದಲವಾಯಿತು.

ಮುಂದಿನ ರಜೆಯಲ್ಲಿ ಕೇಳಿದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಕಾಕಾ ಈಗಿಲ್ಲ. ಅಂದು ನಾನು ಮಾಡಿದ್ದು ತಪ್ಪೋ ಸರಿಯೋ ಇಂದಿಗೂ ಹೇಳಲಾರೆ. ಆಮೇಲೂ ತಿಳಿಯದೆ ಎಷ್ಟೋ ಕೆಡಿಸಿದ್ದೇನೆ. ಪಕ್ಕದಲ್ಲಿ ನಿಂತು, ಕಾಕಾ ಆ ತಾಯಿಗೆ ಹೇಳಿದಂಥ ಮಾತು ಹೇಳುವವರು ಮಾತ್ರ ಮತ್ತೆ ಯಾರೂ ಸಿಗಲಿಲ್ಲ.