ಪರದೆ ಅಕ್ಕನ ಮನೆಯ ಇನ್ವರ್ಟರ್

ನಮ್ಮ ಮನೆಯವರನ್ನು ಊರೆಲ್ಲ ಬಿಸಿಲಪ್ಪ ಎಂದೇ ಕರೆಯುತ್ತದೆ. ನಿಜವಾದ ಹೆಸರು ಮದುವೆ ಪತ್ರಿಕೆಯಲ್ಲಿ ಒಮ್ಮೆ ಅಚ್ಚಾಗಿತ್ತು, ಆಮೇಲೆ ಅದಕ್ಕೆ ಕೆಲಸವೇ ಬೀಳಲಿಲ್ಲ. ಮೊದಲು ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದರು. ತಾರಸಿಗಳ ಮೇಲೆ ಸೋಲಾರ್ ಪ್ಯಾನೆಲ್‌ಗಳು ಏಳತೊಡಗಿದ ಮೇಲೆ ಅವುಗಳ ರಿಪೇರಿಗೆ ಇಳಿದರು. ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಮಹಾ ಜಿಪುಣ. ಸ್ಕೂಟರ್ ಕಲಿಯಲು ಹೋಗಿ ಒಂದು ಬಟ್ಟೆ ಅಂಗಡಿಯ ಒಳಗೇ ನುಗ್ಗಿದ್ದರಿಂದ ಆ ಜವಾಬ್ದಾರಿ ನನ್ನ ತಲೆಗೆ ಬಿದ್ದಿದೆ. ಸ್ಕೂಟರ್ ಓಡಿಸುವುದು, ಫೋನ್ ಎತ್ತುವುದು, ಗಿರಾಕಿಗಳ ಜೊತೆ ಜಗಳವಾಡುವುದು ಎಲ್ಲ ನಾನೇ. ಅವರು ಹಿಂದಿನ ಸೀಟಿನಲ್ಲಿ ಸಾಮಾನಿನ ಚೀಲವನ್ನು ಕೂಸಿನಂತೆ ತಬ್ಬಿಕೊಂಡು ಕೂತಿರುತ್ತಾರೆ.

ಅವರದೊಂದು ಚಾಳಿಯಿದೆ. ಯಾರ ಮನೆಗೆ ಹೋದರೂ ಮೊದಲಿಗೇ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಪ್ಯಾನೆಲ್‌ಗಳ ಕರೆಂಟನ್ನು ಮನೆಗೆ ಒದಗಿಸುವ ಇನ್ವರ್ಟರ್ ಎದುರು ಒಂದು ಸ್ಟೂಲ್ ಹಾಕಿಸಿಕೊಂಡು ಕೂರುತ್ತಾರೆ. ಮನೆಯ ಒಂದೊಂದೇ ಸ್ವಿಚ್ ಆರಿಸಲು ಹೇಳಿ, ಇನ್ವರ್ಟರ್ ಕೊಡುವ ಕರೆಂಟಿನ ಅಂಕಿ ಎಷ್ಟು ಇಳಿಯಿತು, ಎಲ್ಲಿ ನಿಂತಿತು ಎಂದು ನೋಡುತ್ತಾ ಇರುತ್ತಾರೆ. ನಡುವೆ ಯಾರಾದರೂ ಬಾಯಿ ತೆರೆದರೆ ಸುಮ್ಮನೆ ಕೈ ಎತ್ತುತ್ತಾರೆ. ಈ ಮನುಷ್ಯ ರಿಪೇರಿಗೆ ಬಂದದ್ದೋ ಧ್ಯಾನಕ್ಕೆ ಬಂದದ್ದೋ ಎಂದು ಗಿರಾಕಿಗಳು ನನ್ನ ಮುಖ ನೋಡುತ್ತಾರೆ. ನನಗೂ ಮೈ ಉರಿಯುತ್ತದೆ. ಆದರೆ ಒಂದು ದಿನ ಅವರು ಆ ಸ್ಟೂಲಿನ ಮೇಲೆ ಹಾಗೆ ಕೂರದೆ ಇದ್ದಿದ್ದರೆ ಒಂದು ಜೀವ ಹೋಗುತ್ತಿತ್ತು. ಹಾಗಾಗಿ ಈಗ ನಾನು ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಅಂದು ಫೋನ್ ಮಾಡಿದ್ದು ಪರದೆ ಅಕ್ಕ. ಮನೆಯಲ್ಲೇ ಕಿಟಕಿ ಪರದೆಗಳನ್ನು ಹೊಲಿದು ಅಂಗಡಿಗಳಿಗೆ ಕೊಡುವ ಒಂಟಿ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಬಾಗಿಲು ತೆರೆದವರೇ ದೂರಲು ಶುರು ಮಾಡಿದರು.

"ನೋಡಿ, ಬಿಸಿಲು ಹೇಗೆ ಸುಡ್ತಿದೆ. ಮೇಲೆ ಅಷ್ಟೊಂದು ಪ್ಯಾನೆಲ್ ಇದೆ. ಈ ಪೆಟ್ಟಿಗೆ ಮಾತ್ರ ಒಂದು ಚಿಟಿಕೆ ಕರೆಂಟ್ ಕೊಟ್ಟು ಸುಮ್ಮನಾಗುತ್ತೆ. ಮೊದಲು ಸ್ವಲ್ಪ ಏರೋದು ಇಳಿಯೋದು ಮಾಡ್ತಿತ್ತು. ಮೊನ್ನೆಯಿಂದ ಅದೂ ಇಲ್ಲ. ಒಂದೇ ಕಡೆ ಕಚ್ಚಿಕೊಂಡು ನಿಂತಿದೆ."

ಮನೆಯ ಒಳಗೆ ಕಾಲಿಟ್ಟಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಹಜಾರ ಅರ್ಧಕ್ಕೇ ಮುಗಿದಿತ್ತು. ನಡುವೆ ಅಡ್ಡಗೋಡೆ ಎದ್ದಿತ್ತು. ಗೋಡೆ ಕಟ್ಟಿದವನು ಕಿಟಕಿಯನ್ನೂ ಬಿಟ್ಟಿರಲಿಲ್ಲ, ಅದರ ನಟ್ಟನಡುವೆ ಗೋಡೆ ತಂದು ಸೇರಿಸಿದ್ದ. ಕಿಟಕಿಯ ಒಂದು ಕದ ಈಚೆ, ಇನ್ನೊಂದು ಆಚೆ. ಈಚೆಯ ಅರ್ಧಕ್ಕೆ ಅಕ್ಕ ದಪ್ಪನೆಯ ನೀಲಿ ಪರದೆ ಇಳಿಬಿಟ್ಟಿದ್ದರು.

"ಆ ಕಡೆ ಯಾರಮ್ಮಾ?" ಎಂದೆ.

"ನನ್ನ ತಂಗಿದು. ಬೀಗ ಹಾಕ್ಕೊಂಡು ಹೋಗಿ ವರ್ಷಗಳಾದವು. ಎಲ್ಲಿದ್ದಾಳೋ, ಹೇಗಿದ್ದಾಳೋ, ಒಂದು ಮಾತಿಲ್ಲ." ಕೊನೆಯ ಮಾತು ಹೇಳುತ್ತಾ ನೀಲಿ ಪರದೆಯ ಮಡಿಕೆಯನ್ನು ಎಳೆದೆಳೆದು ಸರಿಪಡಿಸಿದರು. ಆ ತಂಗಿಯ ಸುದ್ದಿಗಾಗಿ ಈ ಹೆಂಗಸು ಒಳಗೊಳಗೇ ಬೇಯುತ್ತಿದ್ದಾರೆ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಅಕ್ಕ ತಂಗಿ ಒಟ್ಟಿಗೇ ಪರದೆ ಹೊಲಿಯುತ್ತಿದ್ದವರಂತೆ. ಒಂದು ಕತ್ತರಿಯ ವಿಷಯಕ್ಕೆ ಶುರುವಾದ ಜಗಳ ಗೋಡೆಯವರೆಗೆ ಬಂದು ನಿಂತಿತು. ಪಾತ್ರೆ ಹಂಚಿಕೊಂಡರು, ಕುರ್ಚಿ ಹಂಚಿಕೊಂಡರು, ಅಂಗಳದ ಕಲ್ಲುಕಟ್ಟೆಗೂ ನಡುವೆ ಸುಣ್ಣದ ಗೆರೆ ಎಳೆದರು. ಕರೆಂಟನ್ನು ಮಾತ್ರ ಹಂಚಲಿಲ್ಲ. ಅದಕ್ಕೆ ಇಬ್ಬರೂ ವಿದ್ಯುತ್ ಕಚೇರಿಗೆ ಹೋಗಿ ಒಬ್ಬರ ಪಕ್ಕ ಒಬ್ಬರು ಕೂತು ಸಹಿ ಹಾಕಬೇಕಿತ್ತು, ಅಷ್ಟು ಹೊತ್ತು ಪಕ್ಕದಲ್ಲಿ ಕೂರಲು ಇಬ್ಬರಿಗೂ ಮನಸ್ಸಾಗಲಿಲ್ಲ. ಹಟದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ಮೇಲು.

ನಮ್ಮವರು ತಾರಸಿ ಹತ್ತಿ ಬಂದರು. ಪ್ಯಾನೆಲ್ ಮೇಲೆ ಧೂಳಿಲ್ಲ, ನೆರಳಿಲ್ಲ, ವೈರುಗಳು ಬಿಗಿಯಾಗಿವೆ, ಇನ್ವರ್ಟರ್ ಕಾದಿಲ್ಲ. ಆಮೇಲೆ ಎಂದಿನಂತೆ ಸ್ಟೂಲ್. "ಎಲ್ಲ ಆರಿಸಿ," ಎಂದರು. ಫ್ರಿಜ್, ಫ್ಯಾನ್, ದೀಪ, ಹೊಲಿಗೆ ಯಂತ್ರ ಎಲ್ಲ ಆರಿತು. ಮನೆ ಮೌನವಾಯಿತು.

ಆ ಬೀದಿಯಲ್ಲಿ ಮಿಕ್ಕ ಕರೆಂಟನ್ನು ಹೊರಗಿನ ಲೈನಿಗೆ ಬಿಡಲು ಅನುಮತಿ ಇರಲಿಲ್ಲ. ಅಂಥ ಕಡೆ ಇನ್ವರ್ಟರಿಗೆ ಕಡಿವಾಣ ಹಾಕಿರುತ್ತಾರೆ: ಮನೆ ಎಷ್ಟು ಎಳೆಯುತ್ತದೋ ಅಷ್ಟನ್ನೇ ಕೊಡಬೇಕು. ಮನೆಗೆ ಹೋಗುವ ವೈರಿನ ಸುತ್ತ ಒಂದು ಕ್ಲಿಪ್ ಕೂತಿರುತ್ತದೆ. ಅಲ್ಲಿ ಎಷ್ಟು ಹರಿಯುತ್ತಿದೆ ಎಂದು ಅದು ಹೇಳುತ್ತದೆ, ಇನ್ವರ್ಟರ್ ಅಷ್ಟಕ್ಕೇ ಪ್ಯಾನೆಲ್‌ಗಳ ಕೈ ಕಟ್ಟುತ್ತದೆ. ಹಾಗಾದರೆ ಎಲ್ಲ ಆರಿಸಿದ ಮೇಲೆ ಅಂಕಿ ಸೊನ್ನೆಗೆ ಬರಬೇಕು. ಬರಲಿಲ್ಲ. ಇದ್ದಲ್ಲೇ ಇತ್ತು.

"ಇಸ್ತ್ರಿ ಪೆಟ್ಟಿಗೆ ಹಾಕಿ ನೋಡೋಣ."

ಅಕ್ಕ ಹಾಕಿದರು. ಇಸ್ತ್ರಿ ಪೆಟ್ಟಿಗೆ ಕಾದು ಬಟ್ಟೆಯ ವಾಸನೆ ಬಂತು. ಅಂಕಿ ಕದಲಲಿಲ್ಲ.

ನಮ್ಮವರು ಸ್ಟೂಲಿನಿಂದ ಎದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ಅಮ್ಮಾ, ಇದು ನಿಮ್ಮ ಮನೆಗೋಸ್ಕರ ಕೆಲಸ ಮಾಡ್ತಿಲ್ಲ. ಬೇರೆ ಯಾರೋ ಕೇಳ್ತಿದ್ದಾರೆ, ಅವರಿಗೆ ಎಷ್ಟು ಬೇಕೋ ಅಷ್ಟು ಕೊಡ್ತಿದೆ."

ಆಗಲೇ ನಾನು ನೀಲಿ ಪರದೆಯ ಕಡೆ ನೋಡಿದ್ದು. ಮನೆಯ ಫ್ಯಾನುಗಳೆಲ್ಲ ನಿಂತಿದ್ದವು. ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ. ಪರದೆಯ ಅಂಚು ಮಾತ್ರ, ಗೋಡೆಗೆ ತಾಗಿದ ಕಡೆ, ಸಣ್ಣಗೆ ಅಲುಗುತ್ತಿತ್ತು. ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ನಾನು ಕೈ ಹಿಡಿದು ನೋಡಿದೆ. ಆಚೆಯಿಂದ ಗಾಳಿ ಬರುತ್ತಿತ್ತು. ನನ್ನ ಕೈ ತಾನಾಗಿ ಹಿಂದೆ ಬಂತು. ನಾನು ಅಷ್ಟು ಸುಲಭವಾಗಿ ಹೆದರುವವಳಲ್ಲ.

"ರೀ," ಎಂದೆ. "ಆಚೆ ಫ್ಯಾನ್ ತಿರುಗ್ತಿದೆ."

ಬಾಗಿಲ ಪಕ್ಕದ ಹಳೆಯ ಬೋರ್ಡಿನಲ್ಲಿ ಎಲ್ಲ ಸ್ಪಷ್ಟವಾಯಿತು. ಮೀಟರಿನಿಂದ ಬಂದ ಲೈನು ಅಲ್ಲಿ ಎರಡಾಗಿತ್ತು, ಒಂದು ಈಚೆಗೆ, ಒಂದು ನೇರ ಗೋಡೆಯೊಳಗೆ. ಎರಡೂ ವೈರು ಒಂದೇ ಥರ ಕಪ್ಪಾಗಿದ್ದವು. ಸೋಲಾರ್ ಹಾಕಿ ಹೋದವರು ಕೈಗೆ ಸುಲಭವಾಗಿ ಸಿಕ್ಕಿದ್ದಕ್ಕೆ ಕ್ಲಿಪ್ ಹಾಕಿದ್ದರು. ಅದು ಗೋಡೆಯೊಳಗೆ ಹೋಗುವ ವೈರು.

"ಇಲಿ ಇರ್ಬೇಕು," ಎಂದರು ಅಕ್ಕ. ಅವರ ತುಟಿ ಬಿಳಿಚಿತ್ತು.

"ಇಲಿ ಫ್ಯಾನ್ ಹಾಕ್ಕೊಳ್ಳಲ್ಲಮ್ಮ," ಎಂದು ನಮ್ಮವರು ಮೊಬೈಲ್ ತೆಗೆದರು. ಇನ್ವರ್ಟರ್ ದಿನದಿನವೂ ಕೊಟ್ಟ ಕರೆಂಟಿನ ಏರಿಳಿತ ಅದರಲ್ಲಿ ಗೆರೆಯಾಗಿ ಉಳಿದಿರುತ್ತದೆ. ಹಿಂದಿನ ತಿಂಗಳುಗಳ ಗೆರೆಗಳನ್ನು ಒಂದೊಂದಾಗಿ ಸರಿಸಿ ತೋರಿಸಿದರು. ಖಾಲಿ ಮನೆಯ ಗೆರೆಗಳಲ್ಲ ಅವು. ಬೆಳಿಗ್ಗೆ ಒಂದು ದೊಡ್ಡ ಗುಡ್ಡ, ಅದರ ಬೆನ್ನಿಗೆ ಸಣ್ಣ ಸಣ್ಣ ಹಲ್ಲುಗಳು, ಮಧ್ಯಾಹ್ನ ಬಿಡುವು, ಮತ್ತೆ ಗುಡ್ಡ, ಮತ್ತೆ ಹಲ್ಲುಗಳು.

ಅಕ್ಕ ಮೊಬೈಲನ್ನು ಕಿತ್ತುಕೊಂಡಂತೆ ತೆಗೆದುಕೊಂಡರು. "ಈ ದೊಡ್ಡದು ಏನು?"

"ಇಸ್ತ್ರಿ ಪೆಟ್ಟಿಗೆ ಇರ್ಬೇಕು. ಈ ಹಲ್ಲುಗಳು ಹೊಲಿಗೆ ಮೋಟಾರು. ಬಿಟ್ಟು ಬಿಟ್ಟು ಓಡುತ್ತಲ್ಲ."

"ಮೊದಲು ಇಸ್ತ್ರಿ," ಎಂದರು ಅಕ್ಕ. ದನಿ ಅವರದಲ್ಲದ ಹಾಗೆ ಕೇಳಿಸಿತು. "ಎಲ್ರೂ ಹೊಲಿದಾದ ಮೇಲೆ ಇಸ್ತ್ರಿ ಮಾಡ್ತಾರೆ. ಹೊಲಿಯೋಕೆ ಮುಂಚೆ ಒಂದ್ಸಲ ಮಾಡ್ಬೇಕು ಅಂತ ಕಲಿಸಿದ್ದು ನಮ್ಮಮ್ಮ. ಈ ಊರಲ್ಲಿ ಹಾಗೆ ಮಾಡೋರು ನಾವಿಬ್ಬರೇ."

ಅಂದರೆ ತಂಗಿ ಯಾವಾಗಲೋ ಮರಳಿ ಬಂದಿದ್ದರು. ಅಕ್ಕನಿಗೆ ತಿಳಿಯಬಾರದೆಂದು ಕಿಟಕಿ ತೆರೆಯದೆ, ಮುಂದಿನ ಬೀಗ ತೆಗೆಯದೆ, ಹಿಂದಿನ ಗಲ್ಲಿಯ ಬಾಗಿಲಿನಿಂದ ಓಡಾಡಿಕೊಂಡು, ಗೋಡೆಗೆ ಗೋಡೆ ತಾಗಿಕೊಂಡು ಬದುಕುತ್ತಿದ್ದರು. ಇಬ್ಬರೂ ಒಂದೇ ಹೊತ್ತಿಗೆ ಇಸ್ತ್ರಿ ಮಾಡುತ್ತಿದ್ದರು, ಒಂದೇ ಹೊತ್ತಿಗೆ ಹೊಲಿಯುತ್ತಿದ್ದರು. ಈಚೆಯ ಯಂತ್ರದ ಸದ್ದಿನಲ್ಲಿ ಆಚೆಯದು ಮುಚ್ಚಿಹೋಗುತ್ತಿತ್ತು.

ಅಕ್ಕನ ಮುಖದಲ್ಲಿ ಏನೋ ಬೆಳಗಿತು. ಅಷ್ಟರಲ್ಲಿ ನಮ್ಮವರು ಕೊನೆಯ ಗೆರೆ ತೋರಿಸಿದರು.

"ಇದು ಮೊನ್ನೆದು. ಬೆಳಿಗ್ಗೆ ಇಸ್ತ್ರಿ ಆಗಿದೆ, ಸ್ವಲ್ಪ ಹೊಲಿಗೆ ಆಗಿದೆ. ಆಮೇಲೆ ನೋಡಿ." ಗೆರೆ ಅಲ್ಲಿಂದ ಮಟ್ಟಸವಾಗಿ ಮಲಗಿತ್ತು. ನಿನ್ನೆಯೂ ಹಾಗೆಯೇ. ಇಂದೂ ಹಾಗೆಯೇ. ಬಿಸಿಲು ಬಂದ ಕೂಡಲೇ ಒಂದು ಎತ್ತರಕ್ಕೆ ಏರಿ, ಬಿಸಿಲು ಹೋಗುವವರೆಗೆ ಅಲ್ಲೇ. "ಒಂದು ಫ್ಯಾನು, ಒಂದು ಟ್ಯೂಬ್‌ಲೈಟು. ಹಾಕಿದವರು ಆರಿಸಿಲ್ಲ. ಅಮ್ಮಾ, ಆಚೆಯಿಂದ ಸದ್ದು ಏನಾದ್ರೂ..."

"ಇಲ್ಲ. ಏನೂ ಕೇಳಿಲ್ಲ," ಎಂದರು ಅಕ್ಕ, ಅವರ ಮಾತು ಮುಗಿಯುವ ಮೊದಲೇ.

ನಮ್ಮವರು ಬೋರ್ಡಿನ ಬಳಿ ಹೋಗಿ ಆಚೆಯ ಲೈನಿನ ಸ್ವಿಚ್ಚನ್ನು ಕೆಳಗಿಳಿಸಿದರು. ಇನ್ವರ್ಟರಿನ ಅಂಕಿ ಸೊನ್ನೆಗೆ ಬಿತ್ತು. ನೀಲಿ ಪರದೆ ಅಲುಗುವುದನ್ನು ನಿಲ್ಲಿಸಿತು. ಮೂವರೂ ಕಿವಿಗೊಟ್ಟು ನಿಂತೆವು. ಮತ್ತೆ ಮೇಲೆತ್ತಿದರು, ಮತ್ತೆ ಇಳಿಸಿದರು.

ಗೋಡೆಯ ಬುಡದಿಂದ, ನೆಲದ ಮಟ್ಟದಿಂದ, ಟಕ್ ಎಂದು ಒಂದು ಸದ್ದು ಬಂತು. ಸ್ವಲ್ಪ ತಡೆದು ಇನ್ನೊಂದು.

ನಾನು ಕಿರುಚಿಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನಮ್ಮವರು ಸ್ವಿಚ್ ಮೇಲೆತ್ತಿ, "ಓಡೇ!" ಎಂದರು. ನಲವತ್ತು ಮಾತಿಗೆ ಒಂದು ಮಾತಾಡುವ ಗಂಡಸು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೂಲೆ ಸುತ್ತಿ ಹಿಂದಿನ ಗಲ್ಲಿಗೆ ಓಡಿದೆವು. ಅಲ್ಲಿ ತರಕಾರಿ ಗಾಡಿಯವಳು ನಿಂತಿದ್ದಳು. "ಆ ಮನೆಯಮ್ಮನಾ? ಮೊನ್ನೆಯಿಂದ ಬಾಗಿಲೇ ತೆಗೆದಿಲ್ಲ. ಊರಿಗೆ ಹೋಗಿರ್ಬೇಕು ಅಂದ್ಕೊಂಡೆ," ಎಂದಳು. ಬಾಗಿಲಿಗೆ ಒಳಗಿನಿಂದ ಚಿಲಕ. ಅಂದು ಸ್ಕ್ರೂಡ್ರೈವರ್ ಹಿಡಿಯಲು ನಮ್ಮವರಿಗೆ ಸ್ಟೂಲು ಬೇಕಾಗಲಿಲ್ಲ. ಕೀಲುಗಳನ್ನೇ ಬಿಚ್ಚಿ ಬಾಗಿಲನ್ನು ಪಕ್ಕಕ್ಕೆ ಎತ್ತಿಟ್ಟರು. ನಾನು ಆಂಬುಲೆನ್ಸಿಗೆ ಫೋನ್ ಮಾಡುತ್ತಾ ಒಳಗೆ ಹೋದೆ.

ಒಳಗೆ ಹೋದವಳು ಹೊಸ್ತಿಲಲ್ಲೇ ನಿಂತೆ. ಈಗಷ್ಟೇ ಬಿಟ್ಟು ಬಂದ ಕೋಣೆಗೇ ಮತ್ತೆ ಬಂದ ಹಾಗಿತ್ತು. ಅದೇ ಮೇಜು, ಅದೇ ಕಡೆ ಇಸ್ತ್ರಿ ಪೆಟ್ಟಿಗೆ, ಅದೇ ಕಡೆ ಹೊಲಿಗೆ ಯಂತ್ರ, ಉಳಿದರ್ಧ ಕಿಟಕಿಗೆ ಅದೇ ನೀಲಿ ಬಟ್ಟೆ. ಕನ್ನಡಿಯಲ್ಲಿ ಕಾಣುವಂತೆ ಎಲ್ಲ ಎಡಬಲ ಮಾತ್ರ ತಿರುಗಿತ್ತು. ಗೋಡೆಗೆ ಒರಗಿಸಿ ಒಂದು ಕುರ್ಚಿ ಹಾಕಿತ್ತು. ಅದರಲ್ಲಿ ಕೂತರೆ ಕಿವಿ ಗೋಡೆಯ ಆ ಸಂದಿಗೇ ಬರುತ್ತಿತ್ತು. ಆ ಕುರ್ಚಿಯ ಮೆತ್ತೆ ಕೂತು ಕೂತು ತಗ್ಗಾಗಿತ್ತು.

ತಂಗಿ ಗೋಡೆಯ ಬುಡದಲ್ಲಿ ಬಿದ್ದಿದ್ದರು. ಪರದೆ ಕೊಂಡಿಗೆ ಹಾಕಲು ಹೋಗಿ ಏಣಿಯಿಂದ ಜಾರಿದ್ದರು, ಸೊಂಟ ಮುರಿದಿತ್ತು. ಮೇಜಿನಿಂದ ಉರುಳಿದ ಇಸ್ತ್ರಿ ನೀರಿನ ಸ್ಪ್ರೇ ಬಾಟಲಿ ಪಕ್ಕದಲ್ಲೇ ಇತ್ತು. ಅದನ್ನೇ ಬಾಯಿಗೆ ಹೊಡೆದುಕೊಂಡು ಇಷ್ಟು ಹೊತ್ತು ಉಸಿರು ಉಳಿಸಿಕೊಂಡಿದ್ದರು. ಕೈಯಲ್ಲಿ ಬಟ್ಟೆ ಅಳೆಯುವ ಮರದ ಪಟ್ಟಿ. ಗೋಡೆಯ ಸುಣ್ಣ ಆ ಜಾಗದಲ್ಲಿ ಅಂಗೈ ಅಗಲ ಉದುರಿಹೋಗಿತ್ತು.

ಅಕ್ಕ ಅಲ್ಲೇ ಕುಸಿದು ಕೂತು ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದೆ. ಆಂಬುಲೆನ್ಸಿನವರು ಬಂದು, ಹುಷಾರಾಗಿ ಸ್ಟ್ರೆಚರಿಗೆ ಎತ್ತಿದರು. ಜೀವಕ್ಕೆ ಅಪಾಯವಿಲ್ಲ, ಇನ್ನೊಂದು ದಿನ ಹೋಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಬಾಗಿಲ ಹತ್ತಿರ ತಂಗಿ ಅಕ್ಕನ ಕೈ ಹಿಡಿದು ನಿಲ್ಲಿಸಿದರು.

"ಮೊನ್ನೆ ಎಷ್ಟು ಹೊಡೆದೆ ಗೊತ್ತಾ ಅಕ್ಕಾ," ಎಂದರು. ದನಿ ಒಣಗಿ ಸಿಪ್ಪೆಯಾಗಿತ್ತು. "ಗೋಡೆ ದಪ್ಪ, ನಿಂಗೆ ಕೇಳಿಸ್ತಿಲ್ಲ ಅಂದ್ಕೊಂಡೆ. ಆಮೇಲೆ ನೀನು ರೇಡಿಯೊ ಜೋರು ಮಾಡಿದೆ. ಆಗ ಗೊತ್ತಾಯ್ತು, ಕೇಳಿಸ್ತಿದೆ ಅಂತ."

ನಾನು ನಮ್ಮವರ ಮುಖ ನೋಡಿದೆ. ಅವರು ನೆಲ ನೋಡಿದರು.

ಅಕ್ಕ ಇಲ್ಲ ಎನ್ನಲಿಲ್ಲ. "ಭಯ ಆಯ್ತು ಕಣೇ," ಎಂದರು. "ಬೀಗ ಹಾಕಿದ ಮನೆ. ಎಲ್ಲೋ ಸತ್ತುಹೋಗಿ, ಈಗ ಬಂದು ಗೋಡೆ ತಟ್ತಿದ್ದೀಯ ಅಂದ್ಕೊಂಡೆ."

ತಂಗಿಯ ಬೆರಳುಗಳು ಅಕ್ಕನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

"ಸತ್ತು ಬಂದಿದ್ರೂ ನಾನೇ ತಾನೇ ಅಕ್ಕಾ, ಬಂದಿದ್ದು?"

ಆಂಬುಲೆನ್ಸಿನವರು ಹೊರಡಬೇಕು ಎಂದರು. ಚಪ್ಪಲಿಯನ್ನೂ ಹಾಕಿಕೊಳ್ಳದೆ, ಆ ಹಿಡಿತ ಬಿಡಿಸಿಕೊಳ್ಳದೆ, ಅಕ್ಕ ಸ್ಟ್ರೆಚರಿನ ಪಕ್ಕದಲ್ಲೇ ಬಾಗಿ ಬಾಗಿ ನಡೆದು ಗಾಡಿ ಹತ್ತಿದರು.