ಒಂದೇ ಇಕ್ಕಳ, ಇಬ್ಬರು ಬಸುರಿಯರು

೧೯೨೬ನೆಯ ಇಸವಿಯ ಬೇಸಿಗೆಯಲ್ಲಿ ನನ್ನನ್ನು ಬೆಳಗಾವಿಯ ಆಸ್ಪತ್ರೆಯಿಂದ ಖಾನಾಪುರದ ದವಾಖಾನೆಗೆ ವರ್ಗ ಮಾಡಿದರು. ಕೆಲಸ ಹೆರಿಗೆ ನರ್ಸಿನದು. ದವಾಖಾನೆ ಎಂದರೆ ಎರಡು ಕೋಣೆ, ಒಂದು ಪಡಸಾಲೆ, ಒಬ್ಬ ಡಾಕ್ಟರರು ಮತ್ತು ನಾನು. ಹಲ್ಲಿಗೆಂದು ಬೇರೆ ಡಾಕ್ಟರರು ಸಿಗುವ ಕಾಲ ಅದಲ್ಲ. ಜ್ವರ ನೋಡುವವರೇ ಹಲ್ಲನ್ನೂ ಕೀಳಬೇಕು. ಕೆಳದವಡೆಯ ಮೋಲರ್, ಅಂದರೆ ಅಗಿಯುವ ದೊಡ್ಡ ಹಲ್ಲು, ಕೀಳುವ ಫೋರ್ಸೆಪ್ಸ್ ನಮ್ಮಲ್ಲಿ ಇದ್ದದ್ದು ಒಂದೇ. ಜನ ಅದನ್ನು ಇಕ್ಕಳ ಎನ್ನುತ್ತಿದ್ದರು, ನಾವೂ ಹಾಗೇ ಎನ್ನುತ್ತಿದ್ದೆವು.

ಬಸುರಿಯರ ಬಾಯಿ ನೋಡುವ ರೂಢಿ ಆಗ ಯಾರಿಗೂ ಇರಲಿಲ್ಲ. ‘ಕೂಸಿಗೊಂದು ಹಲ್ಲು’ ಎಂದು ಮುದುಕಿಯರು ಹೇಳುತ್ತಿದ್ದರು. ಹೆತ್ತವಳ ಹಲ್ಲು ಉದುರಲೇಬೇಕು ಎಂಬಂತೆ. ಉಳ್ಳವರ ಮನೆಯಲ್ಲಿ ಬಯಕೆಯ ಹೆಸರಿನಲ್ಲಿ ಹೊತ್ತು ಹೊತ್ತಿಗೆ ಉಂಡಿ, ಪೇಢೆ ತಿನ್ನಿಸಿ ಹಲ್ಲು ಕೆಡಿಸುತ್ತಿದ್ದರು. ಇಲ್ಲದವರು ಹಸಿವು ಸಾಯಲೆಂದು ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಒಸಡಿಗೆ ತಿಕ್ಕಿಕೊಂಡು ಕೂಲಿಗೆ ಹೋಗುತ್ತಿದ್ದರು. ಅಪವಾದ ಮಾತ್ರ ಇನ್ನೂ ಹುಟ್ಟದ ಕೂಸಿನ ತಲೆಗೆ!

ಮಳೆ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ ಲಗಮವ್ವ ಬಂದಳು. ಹಂಚಿನ ಭಟ್ಟಿಗೆ ಮಣ್ಣು ಹೊರುವವಳು, ಊರ ಹೊರಗಿನ ಕೇರಿಯವಳು, ತುಂಬಿದ ಬಸುರಿ. ಬಲದವಡೆಯ ಬಾವು ಕುತ್ತಿಗೆಗೆ ಇಳಿದಿತ್ತು. ಉಗುಳು ನುಂಗಲೂ ಆಗುತ್ತಿರಲಿಲ್ಲ. ಡಾಕ್ಟರರು ಕೂಡಲೇ ಕುರ್ಚಿಯಲ್ಲಿ ಕೂರಿಸಿ, ಒಸಡು ಮರಗಟ್ಟುವ ಮದ್ದು ಚುಚ್ಚಿ ಹಲ್ಲು ಕಿತ್ತರು. ಕೀವು ಬಸಿದ ಮೇಲೆ ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಇಕ್ಕಳ ಕುದಿಯುವ ನೀರಿಗೆ ಹೋಯಿತು.

ಅದು ಕುದಿಯುತ್ತಿರುವಾಗಲೇ ಬಾಗಿಲಿಗೆ ಒಂದು ಸವಾರಿ ಬಂಡಿ ಬಂತು. ಇಳಿದವಳು ತಾರಾ. ಖಾನಾಪುರದ ಹುಡುಗಿ, ಬೆಳಗಾವಿಯ ದೊಡ್ಡ ಅರಿವೆ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಚೊಚ್ಚಲ ಬಸುರು, ಏಳನೇ ತಿಂಗಳ ಸೀಮಂತಕ್ಕೆ, ಕುಪ್ಪಸದ ಕಾರ್ಯಕ್ಕೆಂದು ಅಣ್ಣನ ಮನೆಗೆ ಬಂದಿದ್ದಳು. ಜೊತೆಗೆ ಕಾರ್ಯಕ್ಕೆ ಬಂದಿದ್ದ ಅತ್ತೆ ಗಂಗಾಬಾಯಿ. ಮೈಯೆಲ್ಲ ಜರಿ, ಕೈತುಂಬ ಬಳೆ, ಆದರೆ ಹುಡುಗಿಯ ಮುಖ ಕೆಂಡದಂತೆ ಸುಡುತ್ತಿತ್ತು. ಹೊಸ ಸೊಸೆ ನೋವು ಅನ್ನಬಾರದೆಂದು ಕೆಳದವಡೆಯ ಹಲ್ಲುನೋವನ್ನು ನುಂಗಿಕೊಂಡೇ ಇದ್ದಳಂತೆ. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು.

“ಈಗಿಂದೀಗ ಕೀಳಬೇಕ್ರಿ,” ಎಂದರು ಡಾಕ್ಟರರು. “ದವಡಿ ಪೂರಾ ಬಿಗದರ ಇಕ್ಕಳ ಒಳಗ ಹೋಗೂದಿಲ್ಲ. ಕೀವು ಗಂಟಲಕ್ಕ ಇಳದರ ತಾಯಿಗೂ ಧೋಕಾ, ಕೂಸಿಗೂ ಧೋಕಾ.”

ಗಂಗಾಬಾಯಿಯವರ ಕಣ್ಣು ಒಲೆಯ ಮೇಲಿದ್ದ ಪಾತ್ರೆಯತ್ತ ಹೋಯಿತು, ಅಲ್ಲಿಂದ ಪಡಸಾಲೆಯಲ್ಲಿ ಬಾಯಿಗೆ ಅರಿವೆ ಒತ್ತಿಕೊಂಡು ಕೂತ ಲಗಮವ್ವನತ್ತ.

“ಈ ಇಕ್ಕಳ ಆಕಿ ಬಾಯಾಗ ಹೋಗಿತ್ತೇನು?”

“ಹೌದ್ರಿ. ಕುದಸಾಕ ಹತ್ತೀವಿ. ಆಮ್ಯಾಲ ಕಾರ್ಬಾಲಿಕ್ ನೀರಾಗ ಅದ್ದತೀವಿ. ಒಂದು ಹುಳಾನೂ ಉಳಿಯೂದಿಲ್ಲ,” ಎಂದೆ.

“ಹುಳಾ ಹೋಗಬಹುದು ನರ್ಸಬಾಯಿ. ಎಂಜಲ ಹೋಗತೈತೇನು? ನಾವು ಸಂಜಿ ಗಾಡಿಗೆ ಬೆಳಗಾವಿಗೆ ಒಯ್ದು ಅಲ್ಲೇ ಕೀಳಸ್ತೀವಿ.”

ನನ್ನ ಮೈಯೆಲ್ಲ ಉರಿದುಹೋಯಿತು. “ಬೆಳಗಾವಿ ಆಸ್ಪತ್ರಿ ಇಕ್ಕಳ ಏನು ಬರೇ ಸಾವಕಾರರ ಬಾಯಾಗ ಹೋಗತೈತೇನ್ರಿ? ನಾನು ಅಲ್ಲೇ ಕೆಲಸಾ ಮಾಡಿ ಬಂದಾಕಿ. ಅದು ನೋಡಲಾರದ ಜಾತಿ ಇಲ್ಲ.”

“ಅದನ್ನ ನಾವು ಕಂಡಿಲ್ಲಲ್ಲ. ಕಾಣದ್ದಕ್ಕ ದೋಷಿಲ್ಲ.”

ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಒಪ್ಪಿಗೆ ಇಲ್ಲದೆ ಇಕ್ಕಳ ಹಚ್ಚುವ ಹಾಗಿಲ್ಲ ಎಂದು ಡಾಕ್ಟರರು ಕೈಚೆಲ್ಲಿದರು. ಸಂಜೆಯ ರೈಲುಗಾಡಿಗೆ ಇನ್ನೂ ಅರ್ಧ ದಿನ ಇತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಾರಾಳ ಹಣೆ ಮುಟ್ಟಿ ನೋಡುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಮಿಸುಕುತ್ತದೋ ಎಂದು ನೋಡುವುದು, ಬಾಗಿಲಿಗೆ ಹೋಗುವುದು, ತಿರುಗಿ ಬರುವುದು. ಪ್ರತಿ ಸಲ ಬಾಯಿ ತೆರೆಸಿದಾಗಲೂ ಸಂದು ಮೊದಲಿಗಿಂತ ಕಿರಿದಾಗಿದೆ ಅನಿಸುತ್ತಿತ್ತು. ಗಂಗಾಬಾಯಿಯವರಿಗೆ ಇನ್ನೆರಡು ಸಲ ಕೈಮುಗಿದೆ. ಅವರು ಸೊಸೆಗೆ ಗಾಳಿ ಬೀಸುತ್ತ ದೇವರ ನಾಮ ಹೇಳುತ್ತಿದ್ದರು. ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಅವರ ಕಣ್ಣಲ್ಲೂ ನೀರಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಡುಮಧ್ಯಾಹ್ನ ಲಗಮವ್ವನಿಗೆ ತಣ್ಣನೆಯ ಗಂಜಿ ಕೊಟ್ಟೆ. ಎರಡು ದಿನದಿಂದ ಏನೂ ಇಳಿಯದ ಗಂಟಲು. ಆಕೆ ಎಡಗಡೆಯಿಂದ ನಿಧಾನವಾಗಿ ಗಂಜಿ ಕುಡಿಯತೊಡಗಿದಳು. ತಾರಾ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು, ಗೋಡೆ ಹಿಡಿದುಕೊಂಡು ಪಡಸಾಲೆಗೆ ಹೋದಳು.

“ನುಂಗಾಕ ಬರತೈತೇನು?” ಬಿಗಿದ ಹಲ್ಲುಗಳ ನಡುವಿನಿಂದ ಕೇಳಿದಳು.

ಲಗಮವ್ವ ಗಡಬಡಿಸಿ ಎದ್ದು ನಿಂತಳು. “ಬರತೈತ್ರಿ ಅವ್ವಾರ. ಕೀಳೂಮುಂದ ಜೀವಾ ಹೋದಂಗ ಆತು, ಆದರ ಹೋಗಲಿಲ್ಲ. ಒಳಗ ಕೂಸೂ ಒದೀತು. ಅಂಜಬ್ಯಾಡ್ರಿ, ಕುಂದರ್ರಿ ಹೋಗಿ.”

ತಾರಾ ತಿರುಗಿ ಬಂದು ನೇರವಾಗಿ ಕುರ್ಚಿಯಲ್ಲಿ ಕೂತಳು. ಡಾಕ್ಟರರತ್ತ ನೋಡಿ, “ಕೀಳ್ರಿ,” ಎಂದಳು.

“ತಾರಾ! ಆ ಇಕ್ಕಳ ಮುಟ್ಟಿಸಿಕೊಂಡೀದಿ ಅಂದರ ನಮ್ಮ ಮನಿ ಹೊಸ್ತಲಾ ತುಳೀಬ್ಯಾಡ!” ಗಂಗಾಬಾಯಿಯವರು ಎದ್ದು ನಿಂತರು.

ಹುಡುಗಿ ಕಣ್ಣು ಮುಚ್ಚಿದಳು. “ಬಾಯಿ ನಂದ್ರಿ, ಅತ್ತೀ.”

ಡಾಕ್ಟರರು ತಡಮಾಡಲಿಲ್ಲ. ಇಕ್ಕಳ ಒಳಹೋಗಲು ಒದ್ದಾಡಿತು, ಕಡೆಗೆ ಹೋಯಿತು. ತಾರಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ವಾರದವರೆಗೆ ಉಗುರಿನ ಗುರುತು ಇತ್ತು. ಹಲ್ಲಿನ ಹಿಂದೆಯೇ ಕೀವು ಹರಿಯಿತು. ಸಂಜೆಗೆ ಜ್ವರ ಇಳಿಯಿತು. ಗಂಗಾಬಾಯಿಯವರು ಒಬ್ಬರೇ ಗಾಡಿ ಹತ್ತಿ ಹೋದರು. ಎರಡು ತಿಂಗಳು ಬೆಳಗಾವಿಯಿಂದ ಸುದ್ದಿಯಿಲ್ಲ. ಹೆಣ್ಣು ಹುಟ್ಟಿದ ಮೇಲೆ ಹೆಸರಿಡುವ ದಿನ ಅವರೇ ಬಂದು ಮೊಮ್ಮಗಳನ್ನು ಎತ್ತಿಕೊಂಡರು. ಇಕ್ಕಳದ ಮಾತನ್ನು ಯಾರೂ ಎತ್ತಲಿಲ್ಲ.

ಲಗಮವ್ವ ಅದಕ್ಕಿಂತ ಮೊದಲೇ ಹೆತ್ತಿದ್ದಳು. ನಾನು ಕೇರಿಗೆ ಹೋದಾಗ ಕೂಸು ಬಡಕಲಾಗಿದ್ದರೂ ದನಿ ಜೋರಾಗಿತ್ತು. ತಾಯಿಯ ಬಾಯಿ ತೆರೆಸಿ ನೋಡಿದರೆ ಇನ್ನೆರಡು ಹಲ್ಲು ಕಪ್ಪಾಗಿದ್ದವು. ಗದರಿಸಿದೆ: “ಈ ಸಲ ಬಾವು ಬರೂತನಕ ಕುಂದರಬ್ಯಾಡ. ಎದ್ದು ಓಡಾಡೂಹಂಗ ಆದ ಕೂಡ್ಲೆ ಬಾ.”

“ಬರ್ತೀನ್ರಿ,” ಎಂದಳು. ಕೂಸನ್ನು ಮಗ್ಗಲು ಬದಲಿಸಿ ಹಿಡಿದು ಕೇಳಿದಳು: “ದೊಡ್ಡವರ ಬಂಡಿ ನಿಂತಿರಲಾರದ ದಿನಾ ಯಾವುದು, ಹೇಳ್ರಿ. ಹೋದ ಸಲ ಎರಡು ಸರ್ತಿ ಬಂದಿದ್ನಿ. ಬಾಗಲಾಗ ಬಂಡಿ ಇದ್ದೂ ಅಂತ ಹೊಳ್ಳಿ ಹೋದ್ನಿ. ಅವಾಗ ಬಾವು ಇರಲಿಲ್ರಿ, ಬರೇ ನೋವಿತ್ತು.”

ಆಕೆಯನ್ನು ಯಾರೂ ಬೇಡ ಅಂದಿರಲಿಲ್ಲ, ತಡೆದಿರಲಿಲ್ಲ, ಬಯ್ದಿರಲಿಲ್ಲ. ಬಾಣಂತನ ಮುಗಿದ ಮೇಲೆ ನಾನೇ ಹೋಗಿ ಕರೆತಂದು ಆ ಎರಡು ಹಲ್ಲನ್ನೂ ಡಾಕ್ಟರರಿಗೆ ತೋರಿಸಿದೆ.

ಅಂದಿನಿಂದ ನಿವೃತ್ತಿಯವರೆಗೆ ಬಸುರಿಯ ಹೊಟ್ಟೆ ಮುಟ್ಟುವ ಮೊದಲು ಬಾಯಿ ನೋಡಿದೆ. “ಕೂಸು ಬಾಯಾಗ ಐತೇನ್ರಿ ನರ್ಸಬಾಯಿ?” ಎಂದು ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ. ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಬೇರೆ: ಒಳಗೆ ಬಂದವರ ನೋವು ನೋಡುವುದು ಅರ್ಧ ಕೆಲಸ. ಬಾಗಿಲವರೆಗೆ ಬಂದು, ಯಾರೂ ಹೋಗು ಅನ್ನದೆಯೂ ಹೊಳ್ಳಿ ಹೋಗುತ್ತಾರಲ್ಲ, ಅವರ ಹಿಂದೆ ಓಡುವುದು ಉಳಿದರ್ಧ.