ನಾಕ ಬರೆದ ಕೈ

ಇವತ್ತು ಬೆಳಿಗ್ಗೆ ಮೊಮ್ಮಗಳು ಪತ್ರಿಕೆಯ ಪದಬಂಧ ಹಿಡಿದು ಬಂದಳು. ‘ತಾತ, ಸ್ವರ್ಗಕ್ಕೆ ಕಾವ್ಯದಲ್ಲಿ ಬರೋ ಮಾತು. ಎರಡೇ ಅಕ್ಷರ.’ ‘ನಾಕ’ ಎಂದೆ. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ಪಂಡಿತರ ಮಕ್ಕಳ ಚಾಳಿ ನೋಡಿ, ಪದದ ಹುಟ್ಟನ್ನೂ ವಿವರಿಸಿದೆ. ಕ ಎಂದರೆ ಸುಖ. ಅಕ ಎಂದರೆ ಅದಿಲ್ಲದ್ದು, ದುಃಖ. ಆ ದುಃಖವೂ ಇಲ್ಲದ್ದು ನಾಕ.

ಬಸವನಗುಡಿಯ ನಮ್ಮ ಬಾಡಿಗೆ ಮನೆಯಲ್ಲಿ ಈ ಪದವನ್ನು ಬರೆದುಕೊಂಡ ದಿನ ನನಗೆ ನೆನಪಿದೆ. ಅಪ್ಪ ಹೈಸ್ಕೂಲಿನ ಕನ್ನಡ ಪಂಡಿತರು. ಒಬ್ಬರೇ ನಿಘಂಟು ಮಾಡಿ ಮುಗಿಸುವ ಹಠ ಅವರದು. ಯುದ್ಧದ ಕಾಲ, ಕಾಗದಕ್ಕೆ ಬರ. ಹಳೆಯ ಉತ್ತರಪತ್ರಿಕೆ, ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಚೀಟಿಗೊಂದು ಪದದಂತೆ ಬರೆಸುತ್ತಿದ್ದರು. ಬರೆಯುವವಳು ಅಕ್ಕ, ವನಜಾಕ್ಷಿ. ಮುತ್ತು ಪೋಣಿಸಿದಂಥ ಅಕ್ಷರ. ಅದೇ ಅವಳಿಗೆ ಮುಳುವಾಯಿತು.

ಅಂದು ಅವಳು ಬರೆಯುವುದನ್ನು ನಿಲ್ಲಿಸಿ ಕೇಳಿದಳು: ‘ಸುಖ ಇದೆ ಅಂತ ನೆಟ್ಟಗೆ ಹೇಳ್ಬಾರ್ದಿತ್ತಾ ಅಪ್ಪ? ದುಃಖ ಇಲ್ದಿದ್ರೆ ಸಾಕಾ?’

‘ಒಳ್ಳೇ ಪ್ರಶ್ನೆ. ಅದನ್ನೂ ಬರ್ಕೋ’ ಎಂದರು ಅಪ್ಪ.

ಆ ವರ್ಷ ಅಕ್ಕ ಹೈಸ್ಕೂಲನ್ನು ಮೊದಲ ದರ್ಜೆಯಲ್ಲಿ ಮುಗಿಸಿ ಕಾಲೇಜಿನ ಅರ್ಜಿ ತುಂಬಿಟ್ಟಿದ್ದಳು. ಅಪ್ಪ ಬೇಡವೆನ್ನಲಿಲ್ಲ. ‘ಚೀಟಿ ಬರೆಯೋರು ಯಾರಮ್ಮ?’ ಎಂದರು, ಅಷ್ಟೆ. ಅಕ್ಕ ನನ್ನ ಹತ್ತಿರ ಬಂದಳು. ‘ದಿನಾ ಸಂಜೆ ನೀನು ಬರ್ದುಕೊಡೋ. ನಾನು ಕಾಲೇಜಿಗೆ ಹೋಗ್ಬಹುದು.’

ಕೂತೆ. ಹೊರಗೆ ಗೆಳೆಯರು ಬ್ಯಾಟು ಹಿಡಿದು ಕಾಯುತ್ತಿದ್ದರು. ನನ್ನ ಅಕ್ಷರ ತೀರ ಕೆಟ್ಟದ್ದೇನಲ್ಲ; ಬೇಕೆಂದೇ ಕಾಗೆ ಕಾಲು ಗೀಚಿದೆ, ಒತ್ತಕ್ಷರಗಳನ್ನು ನುಂಗಿದೆ. ಮೂರನೆಯ ಚೀಟಿಗೆ ಅಪ್ಪ ಕೈಚೆಲ್ಲಿದರು. ‘ಇವನ ಕೈಲಾಗಲ್ಲ. ನೀನೇ ಬಾಮ್ಮ.’ ನಾನು ಬಾಗಿಲಿಗೆ ಓಡಿದೆ. ತಿರುಗಿ ನೋಡಿದರೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತು. ಚಿಕ್ಕಂದಿನಲ್ಲಿ ನನ್ನ ಅಕ್ಷರ ತಿದ್ದಿಸಿದವಳೇ ಅವಳು.

ನಿಘಂಟಿನವರಿಗೆ ಪಕಾರವೆಂದರೆ ಸಮುದ್ರ, ಆ ಅಕ್ಷರದ ಪದಗಳು ಮುಗಿಯುವುದೇ ಇಲ್ಲ. ಅಪ್ಪ ಅದನ್ನು ದಾಟದೆ ತೀರಿಕೊಂಡರು. ಕೊಡದೆ ಉಳಿದ ಕಾಲೇಜಿನ ಅರ್ಜಿಯನ್ನೂ ಅಕ್ಕ ನಾಲ್ಕು ಚೀಟಿಯಾಗಿ ಕತ್ತರಿಸಿ, ಬೆನ್ನ ಮೇಲೆ ನಾಲ್ಕು ಪದ ಬರೆದಿದ್ದಳು. ಮೂರನೆಯ ದರ್ಜೆಯಲ್ಲಿ ಪಾಸಾದ ನಾನು ಕಾಲೇಜಿಗೆ ಹೋದೆ, ಯಾರೂ ತಡೆಯಲಿಲ್ಲ. ಅವಳನ್ನು ಚಾಮರಾಜಪೇಟೆಗೆ ಮದುವೆ ಮಾಡಿಕೊಟ್ಟರು. ‘ವನಜಂಗೇನ್ ಕಮ್ಮಿ, ದುಃಖ ಅಂತೂ ಇಲ್ವಲ್ಲ’ ಎಂದು ನೆಂಟರೆಲ್ಲ ಹೇಳುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ, ಅದೇ ನನಗೆ ಅನುಕೂಲವಾಗಿತ್ತು.

‘ಇದೆಲ್ಲ ಯಾರು ಹೇಳ್ಕೊಟ್ಟಿದ್ದು ತಾತ?’ ಎಂದಳು ಮೊಮ್ಮಗಳು. ಇಷ್ಟು ವರ್ಷ ಅಪ್ಪನ ಹೆಸರು ಹೇಳಿ ಬೀಗಿದವನು ನಾನು. ಇವತ್ತು ಯಾಕೋ ನಾಲಿಗೆ ಹೊರಳಲಿಲ್ಲ.

‘ನಮ್ಮಕ್ಕ’ ಎಂದೆ.

‘ಅವರೂ ಪಂಡಿತರಾ?’

‘ಆಗ್ತಿದ್ಲು. ನಾನು ಬಿಡ್ಲಿಲ್ಲ.’

ಅಕ್ಕ ಬದುಕಿದ್ದಾಗ ಅವಳಿಗೇ ಹೇಳಬೇಕಾಗಿದ್ದ ಮಾತು.